ಒಂದೇ ಶೆಡ್‌ನಲ್ಲಿ ಮಾರಿಸ್ ಮೈನರ್, ಬೀಟಲ್

ನನ್ನ ಹತ್ತಿರ ಎರಡು ಹಳೇ ಕಾರುಗಳಿವೆ. ಇಂಗ್ಲೆಂಡಿನ 1959ರ ಮಾರಿಸ್ ಮೈನರ್ 1000, ಜರ್ಮನಿಯ 1969ರ ಫೋಕ್ಸ್‌ವ್ಯಾಗನ್ ಬೀಟಲ್ 1300. ಯಾವುದು ಒಳ್ಳೇದು ಅಂತ ಬಂದವರೆಲ್ಲ ಕೇಳುತ್ತಾರೆ. ಸುಮ್ನೆ ಒಂದು ರೌಂಡ್ ಓಡಿಸಿದರೆ ಗೊತ್ತಾಗುವುದಿಲ್ಲ. ಟ್ಯಾಪೆಟ್ ಸೆಟ್ ಮಾಡಿ, ಅಂದರೆ ಎಂಜಿನ್ನಿನ ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಗ್ಯಾಪ್ ಸರಿಮಾಡಿ ನೋಡಬೇಕು.

ಮೈನರ್‌ನ ಬಾನೆಟ್ ಎತ್ತಿದರೆ 948 ಸಿಸಿ ಎಂಜಿನ್ನಿನ ಸುತ್ತ ಕೈಯಾಡಿಸಲು ಬೇಕಾದಷ್ಟು ಜಾಗ. ರಾಕರ್ ಕವರ್‌ನ ಎರಡು ನಟ್ ಬಿಚ್ಚಿದರೆ ಎಂಟೂ ವಾಲ್ವ್ ಸಾಲಾಗಿ ಕಾಣುತ್ತವೆ. ಲೆಕ್ಕ 9ರದು, ಎರಡು ವಾಲ್ವ್ ನಂಬರ್ ಕೂಡಿದರೆ 9 ಬರಬೇಕು: ಒಂದನೇ ವಾಲ್ವ್ ಪೂರ್ತಿ ತೆರೆದಾಗ ಎಂಟನೆಯದನ್ನು ಸೆಟ್ ಮಾಡಬೇಕು, ಮೂರನೆಯದು ತೆರೆದಾಗ ಆರನೆಯದನ್ನು. ಫೀಲರ್ ಗೇಜ್‌ನ 12 ಥೌ (ಇಂಚಿನ ಸಾವಿರದ 12 ಭಾಗ) ದಪ್ಪದ ಪಟ್ಟಿ ತುಸು ಬಿಗಿಯಾಗಿ ಜಾರಿತೋ, ಲಾಕ್ ನಟ್ ಟೈಟ್ ಮಾಡಿ ಮುಂದಿನದಕ್ಕೆ ಹೋಗಬಹುದು. ಎಲ್ಲ ನಿಂತುಕೊಂಡೇ ಮುಗಿಯುತ್ತದೆ.

ಬೀಟಲ್ ಆದರೆ ಹಿಂದಿನಿಂದ ಅಡಿಗೆ ತೂರಬೇಕು. ಎಂಜಿನ್ ಪೂರ್ತಿ ತಣ್ಣಗಿರಬೇಕು, ಹಾಗಾಗಿ ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಕೂರುತ್ತೇನೆ. ತಂತಿಯ ಕ್ಲಿಪ್ ಕೆಳಗೆಳೆದರೆ ಕವರ್ ಕಳಚುತ್ತದೆ, ಜೊತೆಗೆ ಮೊಣಕೈವರೆಗೂ ಆಯಿಲ್ ಇಳಿಯುತ್ತದೆ. ಇಲ್ಲಿ ಗ್ಯಾಪ್ 0.15 ಮಿ.ಮೀ. ನನ್ನ ಕಣ್ಣೆಲ್ಲ ಮೂರನೇ ಸಿಲಿಂಡರ್ ಮೇಲೆ. ಈ ಮಾಡೆಲ್‌ನಲ್ಲಿ ಫ್ಯಾನಿನ ಗಾಳಿಗೆ ಆಯಿಲ್ ಕೂಲರ್ ಅಡ್ಡ ಬರುತ್ತದೆ, ಆ ಸಿಲಿಂಡರ್‌ಗೆ ಸಿಗುವ ಗಾಳಿಯೇ ಕಮ್ಮಿ. ಗ್ಯಾಪ್ ಕಿರಿದಾದರೆ ಮೊದಲು ಸುಡುವುದು ಅದರ ಎಕ್ಸಾಸ್ಟ್ ವಾಲ್ವ್. ಟಿಕ್ ಟಿಕ್ ಸದ್ದು ಸ್ವಲ್ಪ ಇದ್ದರೆ ನನಗೆ ಸಮಾಧಾನ. ತೀರಾ ಸೈಲೆಂಟ್ ಆದರೇ ಭಯ.

ಬೀಟಲ್ ಎಂಜಿನ್ ತಣ್ಣಗಾಗುವುದು ಗಾಳಿಯಿಂದ. ರೇಡಿಯೇಟರ್ ಇಲ್ಲ, ನೀರು ಕುದಿಯುವ ಗೋಳಿಲ್ಲ, ನಿಜ. ಆದರೆ ಡೈನಮೋ ತಿರುಗಿಸುವ ಬೆಲ್ಟೇ ಫ್ಯಾನನ್ನೂ ತಿರುಗಿಸುತ್ತದೆ. ಡೈನಮೋದ ಕೆಂಪು ಲೈಟ್ ಹತ್ತಿದರೆ ಬೆಲ್ಟ್ ಹರಿದು ಫ್ಯಾನೂ ನಿಂತಿರಬಹುದು, ಅಲ್ಲೇ ನಿಲ್ಲಿಸಬೇಕು.

ಮಳೆಗಾಲದ ಶಿರಾಡಿ ಘಾಟ್‌ಗೆ ನಾನು ಮೈನರ್ ಒಯ್ಯುತ್ತೇನೆ. ಇದನ್ನು ವಿನ್ಯಾಸ ಮಾಡಿದ ಅಲೆಕ್ ಇಸಿಗೋನಿಸ್ ಈ ಕಾರಿಗೆ 1948ರಲ್ಲೇ ರ‍್ಯಾಕ್ ಸ್ಟಿಯರಿಂಗ್ (ಹಲ್ಲಿನ ಪಟ್ಟಿ ಅತ್ತಿತ್ತ ಸರಿದು ಚಕ್ರ ತಿರುಗಿಸುವಂಥದ್ದು) ಕೊಟ್ಟಿದ್ದರು. ತಿರುಗಿಸಿದಷ್ಟು ತಿರುಗುತ್ತದೆ. ಬೀಟಲ್‌ನದು ಸ್ವಿಂಗ್ ಆಕ್ಸಲ್, ಒಳತುದಿಯಲ್ಲಷ್ಟೇ ಕೀಲಿದ್ದು ಚಕ್ರದ ಜೊತೆ ಮೇಲೆ ಕೆಳಗೆ ತೂಗುವ ಹಿಂದಿನ ಆಕ್ಸಲ್. ತಿರುವಿನ ನಡುವೆ ಗಾಬರಿಯಾಗಿ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಚಕ್ರ ಒಳಕ್ಕೆ ಮಡಚಿ ಬಾಲ ಎಳೆಯುತ್ತದೆ.

ಹಾಗಂತ ಮೈನರ್ ಸಾಧು ಅಲ್ಲ. ಬ್ರೇಕ್ ಆಯಿಲ್ ನೋಡಬೇಕಾದರೆ ಡ್ರೈವರ್ ಕಾಲಡಿಯ ಮ್ಯಾಟ್ ಎತ್ತಬೇಕು, ಮಾಸ್ಟರ್ ಸಿಲಿಂಡರ್ ಇರುವುದೇ ನೆಲದಡಿ! ಬೀಟಲ್‌ನಲ್ಲಿ ಡಿಕ್ಕಿ ತೆರೆದರೆ ಸಾಕು. ಡಿಕ್ಕಿ ಅಂದರೆ ಮುಂದಿನದು, ಮತ್ತೆ.

ಮೊದಲ ಸಲ ಹಳೇ ಕಾರು ತಗೊಳ್ಳುವವರಿಗೆ ನಾನು ಹೇಳುವುದು ಮೈನರ್ ಅಂತಲೇ. ದುಡ್ಡು ಕೊಡುವ ಮೊದಲು ಮುಂದೆ ಜಾಕ್ ಹಾಕಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಗ್ರೀಸ್ ಕಾಣದ ಟ್ರನಿಯನ್ (ಮುಂದಿನ ಸಸ್ಪೆನ್ಷನ್ನಿನ ಕೀಲು) ಸವೆದು ಕಳಚಿದರೆ ಚಕ್ರವೇ ಮಡಚಿಕೊಳ್ಳುತ್ತದೆ. ಅಲುಗಾಟ ಜಾಸ್ತಿ ಇದ್ದರೆ ಬೆಲೆ ಇಳಿಸಿ ಕೇಳಿ, ಇಲ್ಲಾ ಬಿಟ್ಟು ಬನ್ನಿ.