ಆರಕ್ಕೇ ನಿಂತ ದೋಣಿ

ಸದ್ಯ ನಾನು ಕಟ್ಟುತ್ತಿರುವ ಮೂರು ಆಟಗಳು ಕೈಯಲ್ಲಿವೆ. ನಿಜ ಹೇಳಬೇಕೆಂದರೆ ಒಂದೂವರೆ. ಮೂರನೆಯದು ಗೋಡೋ ಎಂಬ ಆಟ ಕಟ್ಟುವ ತಂತ್ರಾಂಶದಲ್ಲಿ ಅರ್ಧ ಕಟ್ಟಿ ಬಿಟ್ಟ ಕಂಪ್ಯೂಟರ್ ಆಟ. ಆ ಫೋಲ್ಡರ್ ತೆರೆಯದೆ ವರ್ಷವಾಯಿತು, ಅದರ ಸುದ್ದಿ ಬೇಡ. ಅರ್ಧ ಅಂದದ್ದು ಒಬ್ಬರೇ ಕೂತು ಆಡುತ್ತಾ ಬರೆಯುವ ಆಟವನ್ನು. ಇಸ್ಪೀಟಿನ 52 ಎಲೆಗೂ ಒಂದೊಂದು ಪ್ರಶ್ನೆ. ಬಂದ ಎಲೆಗೆ ತಕ್ಕಂತೆ ದೀಪಸ್ತಂಭ ಕಾಯುವವನ ದಿನಚರಿ ಬರೆಯುತ್ತಾ ಹೋಗಬೇಕು. 31 ಪ್ರಶ್ನೆ ಮುಗಿದಿವೆ. ಉಳಿದದ್ದಕ್ಕೆ ಕೂತರೆ ಹಳೆಯ ಪ್ರಶ್ನೆಗಳೇ ವೇಷ ಬದಲಿಸಿಕೊಂಡು ಬರುತ್ತಿವೆ.

ಇಡಿಯಾದ ಒಂದು ಎಂದರೆ ದೋಣಿ ಆಟ. ಇಬ್ಬರಿಗೆ, 18 ಕಾರ್ಡು, ಎರಡು ದಾಳ. ಹದಿನೆಂಟೇ ಯಾಕೆ ಅಂದರೆ, 63 × 88 ಮಿಲಿಮೀಟರಿನ ಕಾರ್ಡು ಎ4 ಹಾಳೆಯಲ್ಲಿ ಸರಿಯಾಗಿ ಒಂಬತ್ತು ಹಿಡಿಯುತ್ತವೆ. ಎರಡು ಹಾಳೆ ಕತ್ತರಿಸಿದರೆ ಆಟ ಸಿದ್ಧ. ಕತ್ತರಿಸಿದ ತುಂಡನ್ನು ಹಳೇ ಇಸ್ಪೀಟೆಲೆಯ ಜೊತೆ ಪ್ಲಾಸ್ಟಿಕ್ ಸ್ಲೀವ್‌ಗೆ ತೂರಿಸಿಬಿಟ್ಟರೆ ಕಲೆಸಲು ಬೇಕಾದ ಗಡಸು ಬರುತ್ತದೆ. ನಿಯಮ ಬದಲಾದಾಗ ತುಂಡು ಮಾತ್ರ ಎಸೆಯುವುದು. ಈವರೆಗೆ ಎಷ್ಟು ಎಸೆದಿದ್ದೇನೋ ಲೆಕ್ಕವಿಟ್ಟಿಲ್ಲ. ಚಿತ್ರ ಮಾತ್ರ ಇನ್ನೂ ಒಂದೂ ಬರೆದಿಲ್ಲ. ಚಂದದ ಚಿತ್ರವಿರುವ ಕಾರ್ಡನ್ನು ಹರಿದು ಹಾಕಲು ನನಗೆ ಮನಸ್ಸು ಬರುವುದಿಲ್ಲ, ಅದಕ್ಕೆ.

ಮೊದಲ ನಿಯಮ ಸರಳವಾಗಿತ್ತು. ನಿಮ್ಮ ದೋಣಿಗೆ ಒಂದೊಂದೇ ಮೂಟೆ ಹೇರಿ, ಸಾಕೆನಿಸಿದಾಗ ದಾಳ ಹಾಕಿ. ಎರಡು ದಾಳಗಳ ಮೊತ್ತ ಮೂಟೆಗಳ ಸಂಖ್ಯೆಗಿಂತ ಕಡಿಮೆ ಬಂದರೆ ದೋಣಿ ಮುಳುಗಿತು. ಇಲ್ಲದಿದ್ದರೆ ಮೂಟೆಗೊಂದು ಅಂಕ. ಆಸೆಗೂ ಭಯಕ್ಕೂ ಜಗ್ಗಾಟ ಹತ್ತುತ್ತದೆ ಅಂದುಕೊಂಡಿದ್ದೆ. ಅಕ್ಕನ ಜೊತೆ ನಾಲ್ಕನೇ ಸಲ ಆಡುವಾಗ ಅವಳು ಆರು ಮೂಟೆ ಹೇರಿ, ಒಂದು ಕ್ಷಣವೂ ತಡೆಯದೆ ದಾಳ ಎತ್ತಿಕೊಂಡಳು. "ಸ್ವಲ್ಪ ಯೋಚನೆ ಮಾಡೇ" ಅಂದೆ. "ಆರಾಯ್ತಲ್ಲ ಕಣೇ, ಇನ್ನೇನು ಯೋಚಿಸ್ಲಿ?" ಅಂದಳು.

ರಾತ್ರಿ ಲೆಕ್ಕ ಹಾಕಿದೆ. ಎರಡು ದಾಳ ಹಾಕಿದರೆ 36 ಬಗೆಯಲ್ಲಿ ಬೀಳಬಹುದು. ಐದು ಮೂಟೆಗೆ ಮುಳುಗುವುದು ಅದರಲ್ಲಿ 6 ಸಲ, ಆರಕ್ಕೆ 10, ಏಳಕ್ಕೆ 15, ಎಂಟಕ್ಕೆ 21. ಸರಾಸರಿ ಅಂಕ ಐದಕ್ಕೆ 4.17, ಆರಕ್ಕೆ 4.33, ಏಳಕ್ಕೆ 4.08; ಎಂಟಕ್ಕೆ ಒಮ್ಮೆಲೇ 3.33ಕ್ಕೆ ಇಳಿಯುತ್ತದೆ. ಅಕ್ಕ ಯಾವ ಲೆಕ್ಕವನ್ನೂ ಮಾಡಿರಲಿಲ್ಲ, ನಾಲ್ಕು ಆಟದಲ್ಲಿ ಅವಳ ಕೈಗೆ ಗೊತ್ತಾಗಿಬಿಟ್ಟಿತ್ತು. ಆರಕ್ಕೇರದ ಮೂರಕ್ಕಿಳಿಯದ ಬಾಳು ಅಂತೇವಲ್ಲ, ನನ್ನ ಆಟ ಆರಕ್ಕೇನೋ ಏರಿತ್ತು, ಅಲ್ಲೇ ಕೂತುಬಿಟ್ಟಿತ್ತು. ಸಂಖ್ಯೆಗಳನ್ನು ತಿದ್ದಿದರೆ ಈ ರೋಗ ಹೋಗುವುದಿಲ್ಲ. ಮೂರು ದಾಳ ಮಾಡಿ ನೋಡಿದೆ, ಜಾಗ ಬದಲಾಯಿತು ಅಷ್ಟೆ. ಅಲ್ಲೂ ಒಂದು "ಆರು" ಇತ್ತು.

ಔಷಧ ಸಿಕ್ಕಿದ್ದು ಆಡುವಾಗ. ನನ್ನದೊಂದು ಅಭ್ಯಾಸವಿದೆ: ತಿಂಗಳಿಗೆ ಒಂದೇ ಆಟ, ದಿನವೂ ಅದೇ. ಹೊಸ ಹೊಸ ಆಟಗಳ ಹಿಂದೆ ಓಡುತ್ತಿದ್ದ ಕಾಲದಲ್ಲಿ ನನಗೆ ನಿಯಮಗಳು ಗೊತ್ತಿದ್ದವು, ಆಟಗಳು ಗೊತ್ತಿರಲಿಲ್ಲ. ಎದುರಿಗೆ ಯಾರೂ ಸಿಗದ ದಿನ ಎರಡೂ ಕಡೆ ನಾನೇ ಕೂರುತ್ತೇನೆ. ಪ್ರಾಮಾಣಿಕವಾಗಿ ಆಡುತ್ತೇನೆ ಅಂತ ಎದೆ ತಟ್ಟಿ ಹೇಳಲಾರೆ. ಎಡಗೈ ಯಾಕೋ ಹೆಚ್ಚು ಸೋಲುತ್ತದೆ.

ಆ ತಿಂಗಳು ರೈನರ್ ಕ್ನಿಜಿಯಾ ಅವರ ಲಾಸ್ಟ್ ಸಿಟೀಸ್ ಎಂಬ ಇಬ್ಬರ ಕಾರ್ಡಾಟ ನಡೆಯುತ್ತಿತ್ತು, 1999ರದ್ದು. ಅದರಲ್ಲಿ ಒಂದೊಂದು ಬಣ್ಣದ ಕಾರ್ಡುಗಳ ಸಾಲೂ ಒಂದು ಯಾನ; ಅದನ್ನು ಶುರುಮಾಡಿದ ಕೂಡಲೇ 20 ಅಂಕದ ಸಾಲ ತಲೆಗೆ ಬರುತ್ತದೆ. ಎಲ್ಲರೂ ಹೊಗಳುವುದು ಅದನ್ನು. ನನ್ನನ್ನು ಕಾಡಿದ್ದು ಬೇರೆ. ಬೇಡವೆಂದು ನಾನು ಬಿಟ್ಟ ಕಾರ್ಡನ್ನು ಎದುರಿನವರು ಎತ್ತಿಕೊಳ್ಳಬಹುದು. ಬೇಡದ್ದನ್ನು ಬಿಡಲೂ ಭಯ. ಸುಮಾರು ಹದಿನೈದನೇ ಆಟದಲ್ಲಿ ಒಂದು ಕಾರ್ಡು ಹಿಡಿದು ಬಹಳ ಹೊತ್ತು ಕೂತೆ. ಆಗ ಹೊಳೆಯಿತು: ನನ್ನ ದೋಣಿಗಳು ಒಂದನ್ನೊಂದು ನೋಡುತ್ತಲೇ ಇಲ್ಲ.

ಈಗಿನ ನಿಯಮ ಇದು. ಮೂಟೆಗೆ ತೂಕವಿದೆ: ಒಂದು, ಎರಡು, ಮೂರು, ತಲಾ ಆರು ಕಾರ್ಡು. ಕಟ್ಟಿನಿಂದ ಒಂದು ಎತ್ತಿ ನೋಡಿ, ನಿಮ್ಮ ದೋಣಿಗೆ ಹಾಕಿಕೊಳ್ಳಿ, ಇಲ್ಲವೇ ಕವುಚಿ ಎದುರಿನ ದೋಣಿಗೆ ಹಾಕಿ. ದಾಳ ಬಿದ್ದ ಮೇಲೆಯೇ ಕವುಚಿದ್ದನ್ನು ತಿರುಗಿಸುವುದು. ತೂಕವೇ ಅಂಕ. ಹಾಗಾಗಿ ನಾನು ಕೊಟ್ಟ ಮೂರರ ಮೂಟೆ ಅಕ್ಕನನ್ನು ಮುಳುಗಿಸಲೂಬಹುದು, ಗೆಲ್ಲಿಸಲೂಬಹುದು. ಮೊದಲ ದಿನವೇ ಅವಳು ಕವುಚಿದ ಕಾರ್ಡಿನ ಮೇಲೆ ಬೆರಳಿಟ್ಟು, ಅದನ್ನು ಬಿಟ್ಟು ನನ್ನ ಮುಖ ನೋಡತೊಡಗಿದಳು. ಪುಸ್ತಕದಲ್ಲಿ ಅಷ್ಟನ್ನೇ ಬರೆದುಕೊಂಡೆ. ಆಟ ಚೆನ್ನಾಗಿದೆ ಅಂತ ಎಲ್ಲರೂ ಹೇಳುತ್ತಾರೆ, ಅದನ್ನು ಬರೆದುಕೊಳ್ಳುವುದಿಲ್ಲ. ಕಣ್ಣು ಎಲ್ಲಿತ್ತು, ಯಾವಾಗ ಫೋನಿಗೆ ಕೈ ಹೋಯಿತು, ಅದು ಬೇಕು.

ಆಮೇಲೆ ನಿಯಮದ ಹಾಳೆಯನ್ನು ಗುರುತಿನ ಇಬ್ಬರ ಕೈಗಿಟ್ಟು, ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂತೆ. ಆಟ ಕಟ್ಟುವ ಕೆಲಸದಲ್ಲಿ ಇಷ್ಟು ಹಿಂಸೆಯ ಹೊತ್ತು ಇನ್ನೊಂದಿಲ್ಲ. "ದೋಣಿ ತುಂಬಿದ ಮೇಲೆ ದಾಳ ಹಾಕಿ" ಎಂದು ಬರೆದಿದ್ದೆ. ನಾವು ತುಂಬಿದ ಮೇಲೆ ಎಂದು ನನ್ನ ಅರ್ಥ. ದೋಣಿ ತಾನಾಗಿ ಭರ್ತಿಯಾದ ಮೇಲೆ ಎಂದು ಅವರ ಅರ್ಥ. ಹೇರುತ್ತಲೇ ಹೋದರು, ದೋಣಿಗೆ ಮಿತಿಯೇ ಇರಲಿಲ್ಲ, ಕಟ್ಟು ಮುಗಿಯಿತು, ಇಬ್ಬರೂ ನನ್ನ ಕಡೆ ತಿರುಗಿದರು. ಈಗ ಆ ಸಾಲು "ಸಾಕೆನಿಸಿದಾಗ ದಾಳ ಹಾಕಿ" ಎಂದಾಗಿದೆ.

ಇನ್ನೊಂದು ತೊಡಕು ಉಳಿದಿದೆ. ತಲಾ ಆರೇ ಇರುವುದರಿಂದ, ಕೊನೆಯ ನಾಲ್ಕೈದು ಕಾರ್ಡಿಗೆ ಬಂದಾಗ ಎಣಿಸಿಟ್ಟುಕೊಂಡವರಿಗೆ ಮುಂದಿನದು ಹೆಚ್ಚುಕಡಿಮೆ ಗೊತ್ತಾಗುತ್ತದೆ. ಸೆಯ್ಜಿ ಕನಾಯ್ ಅವರ ಲವ್ ಲೆಟರ್ ಮೂಲತಃ 16 ಕಾರ್ಡಿನ ಆಟ; ಪ್ರತಿ ಸುತ್ತಿಗೂ ಮೊದಲು ಒಂದನ್ನು ನೋಡದೆ ಪಕ್ಕಕ್ಕಿಡುತ್ತಾರೆ. ಅದೇ ಉಪಾಯ ಎರವಲು ಪಡೆದು ಮೂರು ತೆಗೆದಿಟ್ಟೆ; ಆಟ ರುಚಿ ಹತ್ತುವಷ್ಟರಲ್ಲಿ ಮುಗಿದುಹೋಯಿತು. ಒಂದೇ ತೆಗೆದರೆ ಅಕ್ಕ ಎಣಿಸಿಬಿಡುತ್ತಾಳೆ. ಈ ವಾರ ಎರಡು ತೆಗೆದು ಆಡುತ್ತಿದ್ದೇವೆ.