ಕೋಸ್ಟಾ ಬ್ರಾವಾದ ಜಲ್ಲಿ ದಾರಿಗಳಿಗೆ ಚಿಕ್ಕಮಗಳೂರಿನಲ್ಲೇ ಸಿದ್ಧತೆ

ಮೆಡಿಟರೇನಿಯನ್ ಕರಾವಳಿಯಲ್ಲಿ ಗ್ರಾವೆಲ್ ಸೈಕಲ್, ಅಂದರೆ ಜಲ್ಲಿ-ಮಣ್ಣಿನ ದಾರಿಗಳಿಗೆ ಒಗ್ಗುವ ಸೈಕಲ್, ತುಳಿಯುವ ಆಸೆ ಹೊತ್ತವರು ಸಾಮಾನ್ಯವಾಗಿ ನಕ್ಷೆಯಲ್ಲಿ ಸಮುದ್ರದ ಅಂಚಿನಲ್ಲೇ ದಾರಿ ಹುಡುಕುತ್ತಾರೆ. ಸ್ಪೇನಿನ ಈಶಾನ್ಯ ಮೂಲೆಯಲ್ಲಿರುವ ಕೋಸ್ಟಾ ಬ್ರಾವಾದ ಮಟ್ಟಿಗೆ ಹಾಗೆ ಹುಡುಕಬಾರದು. ಅಲ್ಲಿ ಕಡಲಿಗೆ ಅಂಟಿಕೊಂಡು ಸಾಗುವುದು ಕಮಿ ದೆ ರೊಂಡಾ ಎಂಬ ಕಾಲುದಾರಿ. ಕಳ್ಳಸಾಗಣೆ ತಡೆಯಲು ಗಸ್ತು ತಿರುಗುತ್ತಿದ್ದವರು ಬಳಸಿದ ಈ ದಾರಿಯಲ್ಲಿ ಮೆಟ್ಟಿಲು, ಬಂಡೆ ಮತ್ತು ಎದುರಾಗುವ ಪಾದಚಾರಿಗಳೇ ತುಂಬಿರುವುದರಿಂದ ಸೈಕಲ್ ತುಳಿಯುವುದಕ್ಕಿಂತ ಹೊರುವುದೇ ಹೆಚ್ಚಾಗುತ್ತದೆ. ಸೈಕಲ್ಲಿಗೆ ಒಗ್ಗುವ ದಾರಿಗಳಿರುವುದು ಕಡಲಿನಿಂದ ತುಸು ಒಳಗೆ: ಬಯಲಿನ ಹೊಲಗಳ ನಡುವೆ, ಮುಚ್ಚಿಹೋದ ರೈಲುಹಾದಿಗಳ ಮೇಲೆ, ಗವಾರೆಸ್ ಎಂಬ ತಗ್ಗು ಬೆಟ್ಟಸಾಲಿನ ಕಾಡುಗಳಲ್ಲಿ. ಸಮುದ್ರವನ್ನು ಆಯಾ ದಿನದ ಕೊನೆಗೆ ತಲುಪುವ ತಂಗುದಾಣವೆಂದು ಭಾವಿಸಿ ದಾರಿಯನ್ನು ಹೆಣೆಯಬೇಕು.

ಕಾಲದ ವಿಷಯದಲ್ಲಿ ಮಲೆನಾಡಿನವರ ಅಂದಾಜು ತಲೆಕೆಳಗಾಗುತ್ತದೆ. ನಮ್ಮಲ್ಲಿ ಮಳೆ ಸುರಿಯುವ ಜೂನ್‌ನಿಂದ ಆಗಸ್ಟ್‌ವರೆಗಿನ ತಿಂಗಳುಗಳೇ ಅಲ್ಲಿ ಬಿರುಬೇಸಿಗೆ. ಕಾಡ್ಗಿಚ್ಚಿನ ಅಪಾಯ ಏರಿದ ದಿನಗಳಲ್ಲಿ ಕೋಸ್ಟಾ ಬ್ರಾವಾ ಸೇರಿರುವ ಕ್ಯಾಟಲೋನಿಯಾ ಪ್ರಾಂತ್ಯದ ಆಡಳಿತವು ಬೆಟ್ಟಸಾಲುಗಳಿಗೆ ಪ್ರವೇಶವನ್ನೇ ನಿರ್ಬಂಧಿಸುವುದುಂಟು; ಆದ್ದರಿಂದ ಬೇಸಿಗೆಯಲ್ಲಿ ಹೋಗಲೇಬೇಕಾದವರು ಪ್ಲಾ ಆಲ್ಫಾ ಎಂಬ ಹೆಸರಿನ ಆ ದಿನದ ಅಪಾಯ ನಕ್ಷೆಯನ್ನು ನೋಡಿಯೇ ಹೊರಡಬೇಕು. ಏಪ್ರಿಲ್‌ನಿಂದ ಜೂನ್ ಆರಂಭದವರೆಗಿನ ಅವಧಿಯೇ ಉತ್ತಮವೆಂಬುದು ನನ್ನ ಅಭಿಪ್ರಾಯ. ಏಪ್ರಿಲ್ ಕೊನೆ ಅಥವಾ ಮೇ ಮೊದಲ ವಾರದ ಹೊತ್ತಿಗೆ ಜಿರೋನಾ ನಗರದಲ್ಲಿ ಟ್ರಾಕಾ ಎಂಬ ದೊಡ್ಡ ಗ್ರಾವೆಲ್ ಸ್ಪರ್ಧೆ ನಡೆಯುವುದರಿಂದ ಆ ದಿನಗಳಲ್ಲಿ ಕೊಠಡಿ ಸಿಗುವುದು ಕಷ್ಟ.

ದಾರಿಯ ದಿಕ್ಕನ್ನು ಗಾಳಿ ನಿರ್ಧರಿಸಲಿ. ಈ ಪ್ರದೇಶದ ಅತ್ಯಂತ ಬಲವಾದ ಗಾಳಿಯಾದ ತ್ರಾಮುಂತಾನಾ ಉತ್ತರದಿಂದ ಬೀಸುತ್ತದೆ. ಅದು ಎದೆಗೆ ಬಡಿದರೆ ಸಮತಟ್ಟಾದ ಬಯಲೂ ಘಾಟಿಯಾಗುತ್ತದೆ. ಆದ್ದರಿಂದ ಉತ್ತರದ ಫಿಗೆರೆಸ್‌ನಲ್ಲಿ ಆರಂಭಿಸಿ ದಕ್ಷಿಣಕ್ಕೆ ಇಳಿದು ಜಿರೋನಾದಲ್ಲಿ ಮುಗಿಸುವುದು ಜಾಣತನ. ಬಾರ್ಸಿಲೋನಾದಿಂದ ಫಿಗೆರೆಸ್‌ಗೆ ಹೋಗುವ ಪ್ರಾದೇಶಿಕ ರೈಲುಗಳಲ್ಲಿ ಜಾಗವಿದ್ದರೆ ಸೈಕಲ್ಲನ್ನು ಹಾಗೆಯೇ ಏರಿಸಬಹುದು; ಅತಿವೇಗದ ರೈಲಿಗೆ ಮಾತ್ರ ಬಿಚ್ಚಿ ಚೀಲಕ್ಕೆ ತುಂಬಬೇಕಾಗುತ್ತದೆ. ಬೆಚ್ಚಗಿನ ತಿಂಗಳುಗಳ ಮಧ್ಯಾಹ್ನಗಳಲ್ಲಿ ನೈಋತ್ಯದಿಂದ ಗರ್ಬಿ ಎಂಬ ಕಡಲಗಾಳಿ ಎದುರಾಗುವುದರಿಂದ ಬೆಳಗ್ಗೆ ಬೇಗ ಹೊರಟು ಊಟದ ಹೊತ್ತಿಗೆ ಹೆಚ್ಚಿನ ದೂರ ಮುಗಿಸಿರಬೇಕು.

ನಾಲ್ಕು ದಿನಗಳಿಗೆ ಹೊಂದುವ ದಾರಿ ಹೀಗಿದೆ. ಮೊದಲ ದಿನ ಫಿಗೆರೆಸ್‌ನಿಂದ ರೋಸೆಸ್ ಕೊಲ್ಲಿಗೆ ಇಳಿದು, 1983ರಲ್ಲಿ ಸಂರಕ್ಷಿತವಾದ ಐಗ್ವಾಮೋಲ್ಸ್ ಜೌಗುಪ್ರದೇಶದ ಬದಿಯ ಮಣ್ಣುದಾರಿಗಳಲ್ಲಿ ಲೆಸ್ಕಾಲಾ ತಲುಪಿರಿ. ಊರಿಗೆ ಸ್ವಲ್ಪ ಮುಂಚೆ ಎಂಪೂರಿಯೆಸ್ ಎಂಬಲ್ಲಿ ಗ್ರೀಕರು ಮತ್ತು ರೋಮನ್ನರು ಕಟ್ಟಿದ ನಗರಗಳ ಅವಶೇಷಗಳು ಕಡಲ ಪಕ್ಕದಲ್ಲೇ ಇವೆ. ಎರಡನೆಯ ದಿನ ಮೊಂಟ್‌ಗ್ರಿ ಎಂಬ ಸುಣ್ಣಕಲ್ಲಿನ ಗುಡ್ಡವನ್ನು ದಾಟಬೇಕು. ಸುಮಾರು 300 ಮೀಟರ್ ಎತ್ತರದ ಈ ಗುಡ್ಡದ ದಾರಿಗಳಲ್ಲಿ ಬಿಡಿಬಿಡಿಯಾದ ಚೂಪು ಕಲ್ಲುಗಳಿರುವುದರಿಂದ ಟೈರಿನ ಬದಿ ಸೀಳುವ ಸಂಭವ ಇಲ್ಲಿಯೇ ಹೆಚ್ಚು. ಗುಡ್ಡ ಇಳಿದು ತೆರ್ ನದಿಯನ್ನು ದಾಟಿದರೆ ಪಾಲ್ಸ್ ಊರಿನ ಭತ್ತದ ಗದ್ದೆಗಳು ಸಿಗುತ್ತವೆ. ಮೆಡಿಟರೇನಿಯನ್ ತೀರದಲ್ಲಿ ಬದುವಿನ ಮೇಲೆ ಸೈಕಲ್ ತುಳಿಯುತ್ತ, ನೀರು ನಿಲ್ಲಿಸಿದ ಗದ್ದೆಯನ್ನು ಕಾಣುವುದು ನಮ್ಮ ಕಡೆಯವರಿಗೆ ಮನಸ್ಸು ತುಂಬುವ ನೋಟ.

ಮೂರನೆಯ ದಿನವನ್ನು ಮೊಟಕುಗೊಳಿಸಬೇಡಿರಿ. ಪಾಲ್ಸ್ ದಾಟಿದ ಮೇಲೆ ಸಿಗುವ ಪಲಾಫ್ರುಜೆಲ್ ಊರಿನಿಂದ ಪಲಾಮೋಸ್ ಬಂದರಿಗೆ ಹೋಗುವ ಸುಮಾರು ಆರು ಕಿಲೋಮೀಟರ್ ಮಣ್ಣುದಾರಿಯು 1887ರಲ್ಲಿ ಆರಂಭವಾಗಿ 1956ರಲ್ಲಿ ನಿಂತ ಪುಟ್ಟ ರೈಲಿನ ಹಾದಿ. ಪಲಾಮೋಸ್‌ನಿಂದ ಕರಾವಳಿಯ ಹೆದ್ದಾರಿಯನ್ನು ಹಿಡಿಯದೆ ಕಲೋಂಜೆಯ ಮೂಲಕ ಗವಾರೆಸ್ ಬೆಟ್ಟಗಳಿಗೆ ಏರಿ, ರೊಮಾನ್ಯಾ ಎಂಬ ಹಳ್ಳಿಯನ್ನು ಮುಟ್ಟಿ, ಸಾಂತಾ ಕ್ರಿಸ್ಟೀನಾ ದಾರೋ ಕಡೆಗೆ ಇಳಿಯಬೇಕು. ದಾರಿಯುದ್ದಕ್ಕೂ ಬೆಂಡು (ಕಾರ್ಕ್) ಕೊಡುವ ಓಕ್ ಮರಗಳಿವೆ. ಹತ್ತು ವರ್ಷಗಳಿಗೂ ಮೀರಿದ ಅಂತರದಲ್ಲಿ ಒಮ್ಮೆ ತೊಗಟೆಯನ್ನು ಸುಲಿಯುತ್ತಾರೆ, ಹೊಸದಾಗಿ ಸುಲಿದ ಕಾಂಡವು ಕೆಂಪು ಮಣ್ಣಿನ ಬಣ್ಣದಲ್ಲಿರುತ್ತದೆ. ಸಿಲ್ವರ್ ಓಕ್ ನೆರಳಿನ ಕಾಫಿ ತೋಟಗಳಲ್ಲಿ ಓಡಾಡಿದವರಿಗೆ ಇದೂ ದುಡಿಮೆಯ ಕಾಡೆಂಬುದು ನೋಡಿದೊಡನೆ ತಿಳಿಯುತ್ತದೆ. ಆ ರಾತ್ರಿ ಸಾಂಟ್ ಫೆಲಿಯು ಬಂದರಿನಲ್ಲಿ ತಂಗಿ, ಕೊನೆಯ ದಿನ ಕರಿಲೆಟ್ ಎಂಬ ಹಳೆಯ ರೈಲುಹಾದಿಯಲ್ಲಿ ಜಿರೋನಾಕ್ಕೆ ಸುಮಾರು 40 ಕಿಲೋಮೀಟರ್ ತುಳಿಯುವುದು. 1892ರಿಂದ 1969ರವರೆಗೆ 75 ಸೆಂಟಿಮೀಟರ್ ಅಗಲದ ಹಳಿಗಳ ಮೇಲೆ ರೈಲು ಓಡಿದ್ದ ಈ ಹಾದಿಯಲ್ಲಿ ಕಡಿದಾದ ಏರುಗಳಿಲ್ಲ.

ಇನ್ನು ಇಲ್ಲಿಯ ಸಿದ್ಧತೆ. ಚಿಕ್ಕಮಗಳೂರಿನ ಸೈಕಲ್ ಸವಾರರಿಗೆ ಅಭ್ಯಾಸವೆಂದರೆ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಕಡೆಗಿನ ಡಾಂಬರು ಏರು. ಗವಾರೆಸ್‌ನ ಅತ್ಯುನ್ನತ ಶಿಖರವೇ ಸುಮಾರು 530 ಮೀಟರ್ ಇರುವುದರಿಂದ ಏರುವ ಶಕ್ತಿ ಈಗಾಗಲೇ ನಮ್ಮಲ್ಲಿ ಸಾಕಷ್ಟಿದೆ. ಬೇಕಾಗಿರುವುದು ಸಡಿಲ ಜಲ್ಲಿಯ ಮೇಲೆ ಇಳಿಯುವ ಕೈಹಿಡಿತ. ಅದನ್ನು ಕಲಿಯಲು ಬೆಟ್ಟಕ್ಕೆ ಬೆನ್ನು ಹಾಕಿ, ಪೂರ್ವದ ಬಯಲುಸೀಮೆಯ ಕಡೆ ಹೋಗಬೇಕು. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯ ಸುತ್ತಮುತ್ತ ಮತ್ತು ಕಡೂರಿನ ಕಡೆಯ ಬಂಡಿದಾರಿಗಳಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಗಟ್ಟಿ ನೆಲದ ಮೇಲೆ ಹರಳುಕಲ್ಲು ಹರಡಿರುತ್ತದೆ; ನೆರಳು ಕಡಿಮೆ, ಗಾಳಿ ಧಾರಾಳ. ಇಳಿಜಾರಿನಲ್ಲಿ ತಿರುವಿಗೆ ಮುಂಚೆಯೇ ವೇಗ ತಗ್ಗಿಸಿ, ತಿರುವಿನೊಳಗೆ ಬ್ರೇಕನ್ನು ಪೂರ್ತಿ ಬಿಟ್ಟು, ಹೊರಬದಿಯ ಪೆಡಲಿನ ಮೇಲೆ ಭಾರ ಹಾಕಿ ಸಾಗುವುದನ್ನು ಒಂದೇ ಇಳಿಜಾರಿನಲ್ಲಿ ಹತ್ತಾರು ಸಲ ಮಾಡಿರಿ. ವಾರಾಂತ್ಯದಲ್ಲಿ ಎರಡು ದಿನ ಬಿಡದೆ, ಚೀಲದ ಭಾರದೊಂದಿಗೆ, ತಲಾ 50 ಕಿಲೋಮೀಟರ್ ತುಳಿಯುವಂತಾದರೆ ದೇಹ ಸಿದ್ಧವಾದಂತೆ. ತೋಟಗಳೊಳಗಿನ ದಾರಿಗಳು ಖಾಸಗಿಯವು. ತೋಟದ ಕೆಲಸ ನೋಡಿಕೊಳ್ಳುವ ರೈಟರನ್ನು ಕೇಳಿ ಒಪ್ಪಿಗೆ ಪಡೆಯದೆ ಒಳಹೋಗಬಾರದು, ಕೊಯ್ಲಿನ ದಿನಗಳಲ್ಲಂತೂ ಕೇಳಲೂ ಹೋಗದಿರುವುದೇ ಲೇಸು. ಅನುಮತಿಯಿಲ್ಲದೆ ಅರಣ್ಯದ ದಾರಿಗಳಿಗೆ ಇಳಿಯುವುದು ಸರಿಯಲ್ಲ. ಆನೆಗಳಿರುವ ಕಡೆ ಅದು ಪ್ರಾಣಾಪಾಯವೂ ಹೌದು.

ಟೈರು 40ರಿಂದ 45 ಮಿಲಿಮೀಟರ್ ಅಗಲದ್ದು, ಟ್ಯೂಬ್‌ಲೆಸ್ ಆಗಿರಲಿ. ನಮ್ಮ ಮಳೆಗಾಲದ ಕೆಸರಿಗೆ ಬೇಕಾದ ದೊಡ್ಡ ಗುಬುಟುಗಳ ಟೈರು ಅಲ್ಲಿ ಬೇಡ. ನಡುವೆ ನಯವಾಗಿದ್ದು ಅಂಚುಗಳಲ್ಲಿ ಹಿಡಿತವಿರುವುದು ಸಾಕು. 70 ಕಿಲೋ ತೂಕದವರು 30 ಪಿಎಸ್‌ಐ ಆಸುಪಾಸಿನಲ್ಲಿ ಆರಂಭಿಸಿ, ಹಿಂದಿನ ಚಕ್ರಕ್ಕೆ ಎರಡು ಮೂರು ಹೆಚ್ಚು ಹಾಕಿ, ತಮಗೆ ಹಿತವಾದ ಒತ್ತಡವನ್ನು ಇಲ್ಲಿಯೇ ಕಂಡುಕೊಳ್ಳಬೇಕು. ಟೈರು ತುಂಬಲು ಬಳಸುವ ಅನಿಲದ ಚಿಕ್ಕ ಸಿಲಿಂಡರುಗಳಿಗೆ ವಿಮಾನದಲ್ಲಿ ನಿರ್ಬಂಧಗಳಿರುವುದರಿಂದ ಕೈಪಂಪನ್ನೇ ಒಯ್ಯಿರಿ.

ಜಿರೋನಾದಲ್ಲಿ ಬಾಡಿಗೆಗೆ ಸೈಕಲ್ ಪಡೆಯುವುದಾದರೆ ಫಿಗೆರೆಸ್‌ವರೆಗೆ ರೈಲಿನಲ್ಲಿ ಹೋಗಿ ಅಲ್ಲಿಂದ ತುಳಿಯಲು ಆರಂಭಿಸಬಹುದು. ಆದರೆ ಅಂಗಡಿಯ ಮುಂದೆಯೇ ಬ್ರೇಕ್‌ಗಳನ್ನು ಒತ್ತಿ ನೋಡಿರಿ: ಅಲ್ಲಿ ಎಡಗೈಯ ಬ್ರೇಕು ಮುಂದಿನ ಚಕ್ರದ್ದಾಗಿರುವುದು ಸಾಮಾನ್ಯ, ಬಲಗೈಯಲ್ಲಿ ಮುಂದಿನ ಬ್ರೇಕ್ ಹಿಡಿದು ರೂಢಿಯಾದವರು ಜಲ್ಲಿಯ ಮೇಲೆ ತಪ್ಪಾಗಿ ಒತ್ತಿದರೆ ನೆಲಕ್ಕೆ ಬೀಳುವುದು ಖಂಡಿತ. ವಾಹನಗಳು ರಸ್ತೆಯ ಬಲಬದಿಯಲ್ಲಿ ಸಾಗುತ್ತವೆ. ವೃತ್ತಗಳಲ್ಲಿ ಮೊದಲು ಎಡಕ್ಕೆ ನೋಡಬೇಕು. ಊರ ಹೊರಗಿನ ರಸ್ತೆಗಳಲ್ಲಿ ಹೆಲ್ಮೆಟ್ ಧರಿಸಿರಿ, ತುರ್ತಿಗೆ 112 ಕರೆಮಾಡಿರಿ.

ಸಣ್ಣ ಊರುಗಳ ಅಂಗಡಿಗಳು ಮಧ್ಯಾಹ್ನ ಮುಚ್ಚುತ್ತವೆ, ಹಲವು ಭಾನುವಾರ ತೆರೆಯುವುದೇ ಇಲ್ಲ. ಗವಾರೆಸ್‌ಗೆ ಏರುವ ದಿನ ಎರಡು ಲೀಟರ್ ನೀರನ್ನು ಕಲೋಂಜೆಯಲ್ಲೇ ತುಂಬಿಕೊಳ್ಳಬೇಕು. ಕಾರಂಜಿಯ ಮೇಲೆ ‘ನೊ ಪೊಟಾಬ್ಲೆ’ ಎಂದು ಬರೆದಿದ್ದರೆ ಆ ನೀರು ಕುಡಿಯಲು ಯೋಗ್ಯವಲ್ಲ. ಸಸ್ಯಾಹಾರಿಗಳಿಗೆ ಟೊಮೆಟೊ ಮತ್ತು ಆಲಿವ್ ಎಣ್ಣೆ ಸವರಿದ ಬ್ರೆಡ್ಡು ಎಲ್ಲೆಡೆ ಸಿಗುತ್ತದೆ. ಮನೆಯಿಂದ ಕಡಲೆಬೀಜದ ಚಿಕ್ಕಿ ಒಯ್ಯಿರಿ, ಆದರೆ ಪೇಡೆಯಂತಹ ಹಾಲಿನ ತಿಂಡಿಗಳನ್ನು ಬಿಟ್ಟುಬಿಡಿರಿ. ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥಗಳನ್ನು ತರಲು ಯೂರೋಪ್ ಒಕ್ಕೂಟದಲ್ಲಿ ಅವಕಾಶವಿಲ್ಲ.