ಮನೆ ಹೋದ ಮೇಲೂ ಉಳಿದ ಸಾಲದ ಖಾತೆ

ಮನೆ ಹರಾಜಾದರೆ ಸಾಲ ಅಲ್ಲಿಗೇ ಚುಕ್ತಾ ಎಂದು ನಂಬಿದವರು ದಾವಣಗೆರೆಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಹಾಗಾಗುವುದಿಲ್ಲ. ಹರಾಜಿನಿಂದ ಬಂದ ಹಣದಲ್ಲಿ ಮೊದಲು ಜಪ್ತಿಯ ಖರ್ಚು ಕಳೆಯುತ್ತಾರೆ, ಆಮೇಲೆ ಬಾಕಿ ಸಾಲಕ್ಕೆ ಜಮಾ ಮಾಡುತ್ತಾರೆ. ಮಿಕ್ಕರೆ ನಮಗೆ ಕೊಡಬೇಕು. ಸಾಕಾಗದಿದ್ದರೆ ಆ ಬಾಕಿ ನಮ್ಮ ತಲೆಯ ಮೇಲೆಯೇ. ಅದಕ್ಕಾಗಿ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗುವ ಹಕ್ಕೂ ಸಾಲ ಕೊಟ್ಟವರಿಗಿದೆ. ನಿಟ್ಟುವಳ್ಳಿಯ ನಮ್ಮ ಮನೆ ಮಾರಿದಾಗ ಬಂದ ಹಣ ಸಾಕಾಗಲಿಲ್ಲ.

2020ರ ಲಾಕ್‌ಡೌನ್‌ನಲ್ಲಿ ಚೌಕಿಪೇಟೆಯ ನನ್ನ ಜವಳಿ ಅಂಗಡಿ ಮಲಗಿತು. ಆ ವರ್ಷ ಆಗಸ್ಟ್‌ವರೆಗೆ ಮನೆಯ ಮೇಲಿನ ಸಾಲದ ಕಂತು ಮುಂದೂಡಲು ಅವಕಾಶ ಸಿಕ್ಕಿತಾದರೂ ಬಡ್ಡಿ ನಿಲ್ಲಲಿಲ್ಲ. ಮುಂದಿನದೆಲ್ಲ, ಕೋರ್ಟಿಗೆ ಹೋಗದೆ ಅಡವಿನ ಆಸ್ತಿ ಜಪ್ತಿ ಮಾಡಲು ಬಿಡುವ 2002ರ ಸರ್ಫೇಸಿ ಕಾಯ್ದೆಯ ಹಾದಿ: 90 ದಿನ ಮೀರಿ ಸುಸ್ತಿಯಾದ ಖಾತೆ ಅನುತ್ಪಾದಕ (ಕೆಟ್ಟ ಸಾಲ) ಎಂದು ಗುರುತು, 60 ದಿನಗಳ ನೋಟಿಸ್, ಜಪ್ತಿ, ಹರಾಜು. ಆ ದಿನಗಳ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ.

ಹರಾಜಿನ ನಂತರ ನಾನು ಮೊದಲು ಮಾಡಿದ್ದು ನನ್ನ ಸಿಬಿಲ್ ವರದಿ, ಅಂದರೆ ಯಾರು ಸಾಲ ಹೇಗೆ ತೀರಿಸಿದರು ಎಂದು ದಾಖಲಿಸುವ ಕಂಪನಿಯ ವರದಿ, ತರಿಸಿದ್ದು. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಈ ನಾಲ್ಕೂ ಕಂಪನಿಗಳು ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಸಾಲ ತೀರಿಸುವ ನಂಬಿಕೆಗೆ ಅದರಲ್ಲಿ ಕೊಡುವ ಅಂಕ 300ರಿಂದ 900ರವರೆಗೆ. ನನ್ನದು ನೆಲ ಕಚ್ಚಿತ್ತು. ಅದು ನಿರೀಕ್ಷಿತವೇ. ನಿದ್ದೆ ಕೆಡಿಸಿದ್ದು ಇನ್ನೆರಡು ಸಂಗತಿ. ಸಹ ಸಾಲಗಾರ್ತಿಯಾಗಿದ್ದ ಹೆಂಡತಿಯ ವರದಿಯಲ್ಲೂ ಅದೇ ಸುಸ್ತಿ ದಾಖಲಾಗಿತ್ತು. ಜಾಮೀನು ನಿಂತಿದ್ದ ಅವಳ ತಮ್ಮನ ಟ್ರ್ಯಾಕ್ಟರ್ ಸಾಲದ ಅರ್ಜಿಯೂ ಇದೇ ಕಾರಣಕ್ಕೆ ತಿರಸ್ಕೃತವಾಯಿತು. ಮನೆ ಹೋಗಿದ್ದು ನಮ್ಮದು, ಕಳಂಕ ಮೂವರಿಗೆ.

ಉಳಿದ ಬಾಕಿಯಲ್ಲಿ ಒಂದು ಪಾಲು ಕಟ್ಟಿದರೆ ಮಿಕ್ಕಿದ್ದನ್ನು ಬಿಡುತ್ತೇವೆ ಎಂದು ಸಾಲ ಕೊಟ್ಟವರು ಹೇಳಿದರು. ಆಸೆಯಾಯಿತು. ಆದರೆ ಹಾಗೆ ರಾಜಿ ಮಾಡಿಕೊಂಡರೆ ವರದಿಯಲ್ಲಿ ‘ಸೆಟಲ್ಡ್’ ಎಂದು ಬೀಳುತ್ತದೆ. ಪೂರ್ತಿ ತೀರಿಸಿದರೆ ‘ಕ್ಲೋಸ್ಡ್’. ಮುಂದೆ ಸಾಲ ಕೊಡುವವನು ಮೊದಲನೆಯದನ್ನು ಕಂಡರೆ ಹಿಂದೆ ಸರಿಯುತ್ತಾನೆ. ಹಾಗಾಗಿ ಸುಸ್ತಿ ಬಡ್ಡಿಯಲ್ಲಿ ಮಾತ್ರ ರಿಯಾಯಿತಿ ಕೇಳಿ, ಉಳಿದದ್ದನ್ನು ಕಂತುಗಳಲ್ಲಿ ಪೂರ್ತಿ ಕಟ್ಟಿದೆವು. ಖಾತೆಯನ್ನು ಯಾವ ಹೆಸರಿನಲ್ಲಿ ಮುಚ್ಚುತ್ತಾರೆ ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಪಡೆದುಕೊಂಡಿದ್ದೆ. ಇದು ಎಲ್ಲರ ಕೈಗೂ ಎಟುಕುವ ದಾರಿಯಲ್ಲ, ಒಪ್ಪುತ್ತೇನೆ. ಮಕ್ಕಳ ಶುಲ್ಕ ನಿಲ್ಲಿಸಿ ಕಟ್ಟುವುದಾದರೆ ರಾಜಿಯೇ ಮೇಲು.

ಬಾಕಿ ಇಲ್ಲ ಎಂಬ ಪತ್ರ ಕೈಗೆ ಬಂದ ಮೇಲೂ ವರದಿ ಬದಲಾಗಲಿಲ್ಲ. ಸಿಬಿಲ್ ತಾನಾಗಿ ತಿದ್ದುವುದಿಲ್ಲ, ಸಾಲ ಕೊಟ್ಟ ಸಂಸ್ಥೆ ದೃಢಪಡಿಸಬೇಕು. ಇಬ್ಬರಿಗೂ ದೂರು ಕೊಟ್ಟೆ. ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದೆ. ಅದನ್ನು ಪತ್ರದಲ್ಲಿ ಬರೆದ ಮೇಲೆ ಕೆಲಸ ಚುರುಕಾಯಿತು. ಹಣ ಕೊಟ್ಟರೆ ಸಿಬಿಲ್ ಸರಿಮಾಡಿಸುತ್ತೇವೆ ಎನ್ನುವ ಮಧ್ಯವರ್ತಿಗಳು ಇದಕ್ಕಿಂತ ಹೆಚ್ಚೇನೂ ಮಾಡಲಾರರು. ನಿಜವಾದ ಸುಸ್ತಿಯನ್ನು ಅಳಿಸುವ ಮಂತ್ರ ಯಾರ ಬಳಿಯೂ ಇಲ್ಲ.

ಅಂಕ ಏರಿಸಲು ಚೀಟಿ ನೆರವಾಗಲಿಲ್ಲ. ನಾನು ಕಂತು ತಪ್ಪಿಸದೆ ಕಟ್ಟುತ್ತಿದ್ದ ಪತ್ತಿನ ಸಂಘವೂ ಸಿಬಿಲ್‌ಗೆ ಮಾಹಿತಿ ಕಳುಹಿಸುವುದಿಲ್ಲ. ನೆರವಾದದ್ದು ಠೇವಣಿ ಇಟ್ಟು ಪಡೆದ ಕ್ರೆಡಿಟ್ ಕಾರ್ಡ್, ಮತ್ತು ಬ್ಯಾಂಕಿನಲ್ಲೇ ತೆಗೆದುಕೊಂಡ ಸಣ್ಣ ಚಿನ್ನದ ಸಾಲ. ಕಾರ್ಡಿನಲ್ಲಿ ಮನೆಯ ದಿನಸಿ ಮಾತ್ರ ತರುತ್ತೇವೆ. ಬಿಲ್ ಬಂದ ಕೂಡಲೇ ಪೂರ್ತಿ ಕಟ್ಟುತ್ತೇವೆ. ಬೇರೆಲ್ಲೂ ಸಾಲಕ್ಕೆ ಅರ್ಜಿ ಹಾಕುವುದಿಲ್ಲ, ಪ್ರತಿ ಅರ್ಜಿಯ ವಿಚಾರಣೆಯೂ ವರದಿಯಲ್ಲಿ ದಾಖಲಾಗುತ್ತದೆ.

ತಿಂಗಳುವಾರು ಕಂತಿನ ಇತಿಹಾಸ ವರದಿಯಲ್ಲಿ 36 ತಿಂಗಳವರೆಗೆ ಕಾಣುತ್ತದೆ. ಭಾವಮೈದುನನ ವರದಿಗೆ ಪ್ರತ್ಯೇಕ ದೂರು ಕೊಡಬೇಕಾಯಿತು. ಅವನ ಟ್ರ್ಯಾಕ್ಟರ್ ಈಗ ಮನೆಯ ಮುಂದೆ ನಿಂತಿದೆ. ನಮಗಿನ್ನೂ ಗೃಹಸಾಲ ಸಿಕ್ಕಿಲ್ಲ. ಕೇಳಿದ ಒಬ್ಬ ವ್ಯವಸ್ಥಾಪಕರು, ಅರ್ಧ ಹಣ ನೀವೇ ಹಾಕುವುದಾದರೆ ನೋಡೋಣ ಎಂದಿದ್ದಾರೆ.